ಶುಗರ್ ಇದ್ದವರ ಕಾಲು, ಕಣ್ಣು, ಕಿಡ್ನಿ: ನೋವಿಲ್ಲದಿದ್ದರೂ ನೋಡಿಕೊಳ್ಳುವುದು ಹೇಗೆ

ಕೋಲಾರದ ಕಡೆ ನಾಲ್ಕು ಜನ ಸೇರಿದ ಕಡೆ ಶುಗರ್ ಮಾತು ಬಂತು ಅಂದರೆ ಮೊದಲ ಪ್ರಶ್ನೆ "ನಿಂಗೆಷ್ಟಿದೆ?" ಅಂತಲೇ. ಒಬ್ಬರು ಇನ್ನೂರು ಅನ್ನುತ್ತಾರೆ, ಇನ್ನೊಬ್ಬರು ಹೋದ ತಿಂಗಳು ಮುನ್ನೂರಿತ್ತು ಈಗ ಇಳಿದಿದೆ ಅನ್ನುತ್ತಾರೆ. ಆ ನಂಬರ್ ಬೇಕು, ಇಲ್ಲ ಅನ್ನಲ್ಲ. ಆದರೆ ಬೆರಳು ತೆಗೆಸಿಕೊಂಡವರನ್ನೋ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬಸ್ ಹತ್ತುವವರನ್ನೋ ಮಾತಾಡಿಸಿ ನೋಡಿ. ಬಹಳಷ್ಟು ಜನ ಹೇಳುವುದು ಒಂದೇ ಮಾತು: "ಏನೂ ನೋವೇ ಇರ್ಲಿಲ್ಲ." ಈ ಕಾಯಿಲೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಇದಕ್ಕೇ. ಕಾಲಿನ ನರ, ಕಣ್ಣಿನ ಪರದೆ, ಕಿಡ್ನಿ ಮೂರೂ ಸದ್ದಿಲ್ಲದೆ ಕೆಡುತ್ತವೆ. ನೋವಾದಾಗ ನೋಡೋಣ ಅಂತ ಕಾದರೆ ನೋವು ಬರುವುದೇ ಇಲ್ಲ, ಅಥವಾ ತುಂಬಾ ತಡವಾಗಿ ಬರುತ್ತದೆ.

ನಮ್ಮಮ್ಮನಿಗೆ ವರ್ಷಗಳಿಂದ ಶುಗರ್ ಇದೆ. ಮುಳಬಾಗಿಲು ಕಡೆ ಹಳ್ಳಿ, ಸ್ವಲ್ಪ ಟೊಮೆಟೊ, ಮನೆಯಲ್ಲಿ ಸೀಮೆ ಹಸು. ಬೆಳಿಗ್ಗೆ ಡೇರಿಗೆ ಹಾಲು ಹಾಕುವುದರಿಂದ ಶುರುವಾದರೆ ರಾತ್ರಿ ಮುದ್ದೆ ತೊಳಸುವವರೆಗೂ ಕಾಲ ಮೇಲೇ ಇರುತ್ತಾರೆ. ಅಂಥವರಿಗೆ ದಿನಾ ಒಂದು ಗಂಟೆ ಪಾರ್ಕಿನಲ್ಲಿ ವಾಕ್ ಮಾಡಿ, ಸಲಾಡ್ ತಿನ್ನಿ ಅಂದರೆ ಏನು ಉಪಯೋಗ? ಅದಕ್ಕೇ ನಮ್ಮ ಕಡೆಯ ಬದುಕಿಗೆ ಹೊಂದುವ ಹಾಗೆ ಏನು ಮಾಡಬಹುದು ಅಂತ ಬರೆಯುತ್ತಿದ್ದೇನೆ. ಮಾತ್ರೆ, ಇನ್ಸುಲಿನ್ ಎಷ್ಟು ಅನ್ನುವುದು ಡಾಕ್ಟರ್ ಕೆಲಸ, ಅದಕ್ಕೆ ಕೈ ಹಾಕಬೇಡಿ. ಉಳಿದದ್ದೆಲ್ಲ ಮನೆಯವರ ಕೈಯಲ್ಲೇ ಇದೆ.

ಕಾಲಿನಿಂದ ಶುರು ಮಾಡಿ

ಮೊದಲು ಸ್ಪರ್ಶ ಇದೆಯೋ ಇಲ್ಲವೋ ನೋಡಿ. ಇದಕ್ಕೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಶುರುವಾದದ್ದರಿಂದ ಅದನ್ನು ಇಪ್ಸ್‌ವಿಚ್ ಟಚ್ ಟೆಸ್ಟ್ ಅನ್ನುತ್ತಾರೆ. ಅಪ್ಪನನ್ನೋ ಅಮ್ಮನನ್ನೋ ಕಾಲು ಚಾಚಿ ಕೂರಿಸಿ, ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳಿನಿಂದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಈ ಮೂರರ ತುದಿಯನ್ನು ಒಂದೊಂದಾಗಿ ಮುಟ್ಟಿ. ಎರಡೂ ಕಾಲು ಸೇರಿ ಆರು ಜಾಗ. ಮೆತ್ತಗೆ ಮುಟ್ಟಬೇಕು, ಒಂದೆರಡು ಸೆಕೆಂಡ್ ಸಾಕು, ಒತ್ತಬಾರದು, ತಿಕ್ಕಬಾರದು, "ಈಗ ಗೊತ್ತಾಯ್ತಾ?" ಅಂತ ಕೇಳಿ ಸುಳಿವು ಕೊಡಲೂಬಾರದು. ಮುಟ್ಟಿದಾಗ ಎಡ, ಬಲ ಅಂತ ಅವರೇ ಹೇಳಬೇಕು. ಆರರಲ್ಲಿ ಎರಡೋ ಜಾಸ್ತಿಯೋ ಗೊತ್ತಾಗದೇ ಹೋದರೆ ಆ ಕಾಲಿಗೆ ಕಾವಲು ಬೇಕು ಅಂತ ಅರ್ಥ, ಡಾಕ್ಟರಿಗೆ ತೋರಿಸಿ. ಆಸ್ಪತ್ರೆಯಲ್ಲಿ ಸಣ್ಣ ನೈಲಾನ್ ಎಳೆ ಒತ್ತಿ, ಶ್ರುತಿ ಕವೆ ಇಟ್ಟು ಇದನ್ನೇ ಇನ್ನಷ್ಟು ಸರಿಯಾಗಿ ನೋಡುತ್ತಾರೆ.

ಸ್ಪರ್ಶ ಹೋದ ಕಾಲು ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಅಮ್ಮ ಒಂದು ಸಂಜೆ ತೋಟದಿಂದ ಬಂದು ಚಪ್ಪಲಿ ಬಿಟ್ಟರು. ಎಡಗಾಲಿನ ಚಪ್ಪಲಿ ತಕ್ಷಣ ಬಿಡಲಿಲ್ಲ, ಅಂಗಾಲಿಗೆ ಅಂಟಿಕೊಂಡ ಹಾಗಿತ್ತು. ತಿರುಗಿಸಿ ನೋಡಿದರೆ ಜಾಲಿ ಮುಳ್ಳು ಹವಾಯಿ ಚಪ್ಪಲಿಯ ಅಟ್ಟೆ ತೂರಿ ಪಾದಕ್ಕೆ ನಾಟಿದೆ, ಅಟ್ಟೆಯ ಮೇಲೆ ಒಣಗಿದ ರಕ್ತ ಕಂದು ಬಣ್ಣಕ್ಕೆ ತಿರುಗಿದೆ. ಅಂದರೆ ಚುಚ್ಚಿ ಗಂಟೆಗಳೇ ಆಗಿವೆ. ಅಷ್ಟು ಹೊತ್ತೂ ಅವರು ಅದರ ಮೇಲೇ ಸಾಲಿನಿಂದ ಸಾಲಿಗೆ ನಡೆದು ಟೊಮೆಟೊ ಬಿಡಿಸಿದ್ದಾರೆ. ಕೇಳಿದರೆ "ಏನೋ ಮಣ್ಣು ಮೆತ್ಕೊಂಡಿದೆ ಅನ್ಕೊಂಡೆ" ಅಂದರು. ಅವತ್ತೇ ಆಸ್ಪತ್ರೆಗೆ ಹೋಗಿ ಮುಳ್ಳು ತೆಗೆಸಿ, ಟಿಟಿ ಹಾಕಿಸಿದ್ದರಿಂದ ಗಾಯ ಮಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕಾಲು ನೋಡುವುದು ರೂಢಿ. ಲೈಟ್ ಕೆಳಗೆ ಕೂರಿಸಿ ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲ ನೋಡಬೇಕು. ಸಂದಿಯೇ ಮುಖ್ಯ, ಅಲ್ಲಿ ಬೆಳ್ಳಗೆ ನೆನೆದ ಹಾಗೆ ಚರ್ಮ ಬಿಟ್ಟಿದ್ದರೆ ಅದೇ ಬಾಗಿಲು, ಸೋಂಕು ಅಲ್ಲಿಂದಲೇ ಒಳಗೆ ಹೋಗುತ್ತದೆ. ಗುಳ್ಳೆ, ಕೆಂಪು ಗುರುತು, ಒಂದು ಕಾಲು ಇನ್ನೊಂದಕ್ಕಿಂತ ಬಿಸಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮನೆಯಲ್ಲಿ ಒಬ್ಬರೇ ಇದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿದರೆ ಅಂಗಾಲು ಕಾಣಿಸುತ್ತದೆ. ವಯಸ್ಸಾದವರಿಗೆ ಕಣ್ಣು ಮಂಜಾಗಿರುತ್ತದೆ, ಅವರ ಮಾತು ನಂಬಿ ಬಿಡಬೇಡಿ, ಮೊಮ್ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ಮಕ್ಕಳು ಚೆನ್ನಾಗಿ ಮಾಡುತ್ತಾರೆ.

ಕಾಲು ತೊಳೆದ ಮೇಲೆ ಬೆರಳ ಸಂದಿ ಒಣಬಟ್ಟೆಯಿಂದ ಒರೆಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ, ಒಡಕು ಬಿಡದ ಹಾಗೆ ನೋಡಿಕೊಳ್ಳಿ. ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಕಷ್ಟ. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೆತ್ತಬೇಡಿ. ಆಣಿ ಇದ್ದರೆ ಬ್ಲೇಡಿನಿಂದ ಕೆರೆಯುವುದು, ಮೆಡಿಕಲ್ ಶಾಪಿನ ಕಾರ್ನ್ ಪಟ್ಟಿ ಅಂಟಿಸುವುದು ಎರಡೂ ಬೇಡ. ಆ ಪಟ್ಟಿಯಲ್ಲಿ ಆಸಿಡ್ ಇರುತ್ತದೆ, ಸ್ಪರ್ಶ ಇಲ್ಲದ ಕಾಲಲ್ಲಿ ಅದು ಚರ್ಮ ಸುಟ್ಟರೂ ಗೊತ್ತಾಗಲ್ಲ.

ಸುಡುವ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಚಳಿ ಜೋರು, ಮುಂಜಾನೆ ಒಲೆ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವುದು ಹಿರಿಯರ ಅಭ್ಯಾಸ. ಶುಗರ್ ಇದ್ದವರಿಗೆ ಬೇಡವೇ ಬೇಡ. ಜೋಮು, ಉರಿ ಅಂತ ಬಿಸಿನೀರಿನ ಬಕೆಟ್ಟಿಗೆ ಉಪ್ಪು ಹಾಕಿ ಕಾಲು ಇಳಿಬಿಡುವುದೂ ಹಾಗೇ. ಸ್ನಾನದ ನೀರನ್ನೂ ಮೊದಲು ಮೊಣಕೈಯಿಂದ ನೋಡಿ. ದೇವಸ್ಥಾನಕ್ಕೆ ಹೋಗುವವರು ಬೆಳಿಗ್ಗೆಯೇ ಹೋಗಿಬನ್ನಿ. ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿರುತ್ತದೆ, ಕೋಟಿಲಿಂಗೇಶ್ವರದಲ್ಲೋ ಅಂತರಗಂಗೆಯ ಮೆಟ್ಟಿಲ ಮೇಲೋ ಮಧ್ಯಾಹ್ನ ಬರಿಗಾಲಲ್ಲಿ ನಡೆದರೆ ಕಲ್ಲಿನ ಕಾವಿಗೇ ಬೊಬ್ಬೆ ಏಳುತ್ತದೆ. ದಪ್ಪ ಕಾಟನ್ ಸಾಕ್ಸ್ ಹಾಕಿಕೊಂಡು ಹೋಗಿ. ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಹವಾಯಿ ಚಪ್ಪಲಿ ಬಿಡಿ. ಬೆರಳ ಸಂದಿ ಉಜ್ಜುತ್ತದೆ, ಮುಳ್ಳು ತಡೆಯಲ್ಲ, ಸ್ಪರ್ಶ ಕಮ್ಮಿ ಇರುವವರ ಕಾಲಿಂದ ಜಾರಿ ಬಿದ್ದರೂ ಗೊತ್ತಾಗದೆ ಹಾಗೇ ನಡೆಯುತ್ತಿರುತ್ತಾರೆ. ಎಂಸಿಆರ್ ಚಪ್ಪಲಿ ಅಂತ ಕೇಳಿ, ಒಳಗಿನ ಅಟ್ಟೆ ಮೆತ್ತಗೆ, ಹೊರಗಿನದು ಗಟ್ಟಿ, ಹಿಂದೆ ಪಟ್ಟಿ ಇರುತ್ತದೆ. ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಕೊಡವಿ, ಒಳಗೆ ಕೈಯಾಡಿಸಿ. ಮನೆ ಒಳಗೂ ಒಂದು ಜೊತೆ ಇರಲಿ.

ಗಾಯ ಆದರೆ? ಚೊಕ್ಕ ನೀರಲ್ಲಿ ತೊಳೆದು, ಚೊಕ್ಕ ಬಟ್ಟೆ ಕಟ್ಟಿ, ಮಾರನೆಯ ದಿನದೊಳಗೆ ಡಾಕ್ಟರಿಗೆ ತೋರಿಸಿ. ಕಾಫಿ ಪುಡಿ, ಸುಣ್ಣ, ಅರಿಶಿನ ತುಂಬಬೇಡಿ, ಒಳಗೆ ಕೀವಾಗಿದ್ದರೂ ಕಾಣಿಸದ ಹಾಗೆ ಮುಚ್ಚಿಹೋಗುತ್ತದೆ. ಗಾಯ ಮಾಯುವವರೆಗೂ ಆ ಕಾಲಿನ ಮೇಲೆ ಭಾರ ಬಿಡದಿರುವುದು ಮಾತ್ರೆಯಷ್ಟೇ ಮುಖ್ಯ, ಇದನ್ನು ನಮ್ಮ ಜನಕ್ಕೆ ಒಪ್ಪಿಸುವುದೇ ಕಷ್ಟ. ನೋವಿಲ್ಲವಲ್ಲ, ಹಾಲು ಕರೆಯಲು ಎದ್ದು ಹೋಗುತ್ತಾರೆ. ಊತ, ವಾಸನೆ, ಕಪ್ಪು ಬಣ್ಣ, ಜ್ವರ, ಇಷ್ಟರಲ್ಲಿ ಒಂದು ಕಂಡರೂ ಅವತ್ತೇ ದೊಡ್ಡಾಸ್ಪತ್ರೆ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಗೆ, ಬಿಸಿಯಾಗಿ ಊದಿಕೊಂಡಿದ್ದರೂ ಕಾಯಬೇಡಿ. ಅದು ಶಾರ್ಕೋ ಅನ್ನುವ ತೊಂದರೆ ಇರಬಹುದು, ಹಾಗೇ ನಡೆದರೆ ಪಾದದ ಮೂಳೆಗಳೇ ಕುಸಿದು ಆಕಾರ ಕೆಡುತ್ತದೆ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಜಯನಗರದಲ್ಲಿ ಸಕ್ಕರೆ ಕಾಯಿಲೆಗೆಂದೇ ಸರ್ಕಾರಿ ಎಂಡೋಕ್ರೈನಾಲಜಿ ಸಂಸ್ಥೆ ಇದೆ, ಮೊದಲು ಡಯಾಬಿಟಾಲಜಿ ಸಂಸ್ಥೆ ಅಂತಿತ್ತು.

ರಾತ್ರಿ ಕಾಲು ಉರಿ ಅನ್ನುವವರು ನರದ ಮಾತ್ರೆ ಅಂತ ಸುಮ್ನೆ ಅಂಗಡಿಯಲ್ಲಿ ಕೊಳ್ಳಬೇಡಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಂಡವರಿಗೆ ವಿಟಮಿನ್ ಬಿ12 ಕಮ್ಮಿಯಾಗಿರಬಹುದು, ಅದಕ್ಕೂ ಇದೇ ತರ ಜೋಮು ಬರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಶುಗರ್ ಇಳಿದು ಬೀಳುವುದು

ಏರುವುದರ ಬಗ್ಗೆ ಎಲ್ಲರಿಗೂ ಭಯ, ಇಳಿಯುವುದರ ಬಗ್ಗೆ ಯಾರೂ ಮಾತಾಡಲ್ಲ. ಆದರೆ ಇಳಿದಾಗ ನಿಮಿಷಗಳ ಲೆಕ್ಕ. ಟೊಮೆಟೊ ಬೆಳೆಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೆಳಗಿನ ಜಾವ ಎದ್ದು ಕ್ರೇಟುಗಳನ್ನು ಟೆಂಪೋಗೆ ತುಂಬಿ, ಮರೆಯಬಾರದು ಅಂತ ಮಾತ್ರೆ ನುಂಗಿ, ಕೋಲಾರ ಎಪಿಎಂಸಿಗೆ ಹೊರಟರೆ ಹರಾಜು ಮುಗಿಯುವವರೆಗೂ ಒಂದು ಟೀ ಬಿಟ್ಟರೆ ಹೊಟ್ಟೆಗೆ ಏನೂ ಇರುವುದಿಲ್ಲ. ಗ್ಲಿಮೆಪಿರೈಡ್ ತರದ ಮಾತ್ರೆಯೋ ಇನ್ಸುಲಿನ್ನೋ ಆಗಿದ್ದರೆ ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ ಅದು ತನ್ನ ಕೆಲಸ ಮಾಡುತ್ತದೆ. ಬೆವರು ಕಿತ್ತು ಬರುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಲೆಕ್ಕ ತಪ್ಪುತ್ತದೆ, ಸುಮ್ಮಸುಮ್ಮನೆ ರೇಗುತ್ತಾರೆ. ನೋಡಿದವರು ಕುಡಿದಿದ್ದಾನೆ ಅಂದುಕೊಂಡು ದೂರ ಹೋಗುತ್ತಾರೆ, ಅದು ನನಗೆ ತುಂಬಾ ಸಂಕಟದ ವಿಷಯ.

ಹಾಗಾಗಿ ಆ ಮಾತ್ರೆಯನ್ನು ತಿಂಡಿ ತಟ್ಟೆ ಮುಂದೆ ಬಂದಾಗಲೇ ತೆಗೆದುಕೊಳ್ಳಿ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಹೀಗೆ ಇಳಿಯುವುದಿಲ್ಲ, ಆದ್ದರಿಂದ ನಿಮ್ಮ ಮಾತ್ರೆಯ ಹೆಸರು ನಿಮಗೆ ಗೊತ್ತಿರಲಿ. ಶುಗರ್ 70ಕ್ಕಿಂತ ಕಮ್ಮಿ ಬಂದರೆ, ಅಥವಾ ಮೀಟರ್ ಇಲ್ಲದೆ ಅನುಮಾನ ಬಂದರೂ ಸರಿ, ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಇನ್ನೂ ಕಮ್ಮಿ ಇದ್ದರೆ ಮತ್ತೆ ಅಷ್ಟೇ ಕುಡಿಯಿರಿ, ಸರಿಹೋದ ಮೇಲೆ ಊಟವೋ ತಿಂಡಿಯೋ ಮಾಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹುಯ್ಯಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾತ್ರೆಯಿಂದ ಇಳಿದ ಶುಗರ್ ಒಂದು ಸಲ ಏರಿ ಮತ್ತೆ ಇಳಿಯಬಹುದು, ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇದ್ದವರಲ್ಲಿ ಇನ್ನೂ ಜಾಸ್ತಿ. ಅವರನ್ನು ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಜೇಬಲ್ಲಿ, ಸೀರೆ ಸೆರಗಿನ ಗಂಟಲ್ಲಿ ಒಂದು ಪೊಟ್ಟಣ ಸಕ್ಕರೆ ಇರಲಿ, ಜೊತೆಗೆ "ನನಗೆ ಶುಗರ್ ಇದೆ" ಅಂತ ಬರೆದ ಚೀಟಿ, ಮನೆಯವರ ಫೋನ್ ನಂಬರ್.

ಮುದ್ದೆ ತಿನ್ನಬಹುದಾ?

ತಿನ್ನಬಹುದು. ಆದರೆ ರಾಗಿಗೆ ಶುಗರ್ ಏರಲ್ಲ ಅನ್ನುವುದು ಸುಳ್ಳು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಹತ್ತಿರ ಪಿಷ್ಟವೇ. ನಾರು ಚೆನ್ನಾಗಿದೆ, ಕ್ಯಾಲ್ಸಿಯಂ ಇದೆ, ಪಾಲಿಷ್ ಅಕ್ಕಿಗಿಂತ ಎಷ್ಟೋ ಮೇಲು, ಅಷ್ಟು ನಿಜ. ಅದಕ್ಕೆ ಅಂತ ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ, ಕೊನೆಗೆ ಸಾರಿಗೆ ಅಂತ ಒಂದು ಹಿಡಿ ಅನ್ನ ಕಲಸಿದರೆ ಶುಗರ್ ಎಲ್ಲಿಗೆ ಹೋಗುತ್ತದೆ ಅಂತ ಎರಡು ಗಂಟೆ ಬಿಟ್ಟು ಮೀಟರಲ್ಲಿ ನೋಡಿ. ನಾವು ಮಾಡಿದ್ದು ಇಷ್ಟೇ: ಮುದ್ದೆಯನ್ನು ಅಮ್ಮನ ಮುಷ್ಟಿಯಷ್ಟಕ್ಕೆ ಇಳಿಸಿದೆವು, ಬಸ್ಸಾರಿನ ಪಲ್ಯವನ್ನು ಎರಡು ಪಟ್ಟು ಮಾಡಿದೆವು, ಅನ್ನ ಬಿಟ್ಟೆವು. ಹುರುಳಿಕಾಳು, ಅಲಸಂದೆ, ಅವರೆಕಾಳು, ದಂಟಿನ ಸೊಪ್ಪು, ಎಲ್ಲ ನಮ್ಮ ಕಡೆ ಧಾರಾಳವಾಗಿ ಸಿಗುತ್ತದೆ. ಮೊದಲು ಪಲ್ಯ ತಿಂದು ಆಮೇಲೆ ಮುದ್ದೆ ಮುಟ್ಟಿದರೆ ಏರಿಕೆ ಇನ್ನೂ ನಿಧಾನ. ಅವರೆ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದಾಗ ಮಾತ್ರ ಅಮ್ಮನ ಮುದ್ದೆ ಸ್ವಲ್ಪ ದೊಡ್ಡದಾಗುತ್ತದೆ, ಅವತ್ತು ನಾನೇನೂ ಅನ್ನಲ್ಲ.

ರಾಗಿ ಗಂಜಿ, ಮಾಲ್ಟ್ ಮುದ್ದೆಗಿಂತ ಬೇಗ ಏರಿಸುತ್ತವೆ, ತೆಳ್ಳಗೆ ಕುಡಿದಷ್ಟೂ ಬೇಗ. ಬೆಲ್ಲ, ಜೇನುತುಪ್ಪ ಎರಡೂ ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ. ಶ್ರೀನಿವಾಸಪುರದ ಮಾವು ಬಂದಾಗ ಬಾಯಿ ಕಟ್ಟಿಕೊಂಡು ಕೂರಿ ಅಂತ ಹೇಳುವ ಮನಸ್ಸು ನನಗಿಲ್ಲ. ಊಟದ ಮೇಲೆ ತಿನ್ನದೆ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಒಂದೆರಡು ಸಣ್ಣ ಹೋಳು ತಿನ್ನಿ, ಜ್ಯೂಸ್, ಸೀಕರಣೆ ಬೇಡ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿ. ಹೊಲದ ಕೆಲಸ ಮಾಡುವವರೂ ರಾತ್ರಿ ಊಟ ಮಾಡಿ ನೇರ ಹಾಸಿಗೆಗೆ ಹೋಗುತ್ತಾರಲ್ವಾ, ಈ ಓಡಾಟ ಅವರಿಗೂ ಬೇಕು.

ಉಪವಾಸ ಮಾಡುವವರು ಒಂದು ವಾರ ಮುಂಚೆ ಡಾಕ್ಟರ್ ಹತ್ರ ಕೇಳಿ, ಮಾತ್ರೆ ಸಮಯ ಬದಲಾಯಿಸಿಕೊಡುತ್ತಾರೆ. ಕೇಳದೆ ಮಾಡಬೇಡಿ.

ಕಣ್ಣು, ಕಿಡ್ನಿ, ಎದೆ

ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ಹಿಂದಿನ ಪರದೆ ನೋಡಿಸಿ. ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಸಾಲದು. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜಾಗಿರುತ್ತದೆ, ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರು ಇರಲಿ. ಪರದೆಯಲ್ಲಿ ರಕ್ತನಾಳ ಸೋರಲು ಶುರುವಾದರೂ ಓದಲು ಬರುತ್ತಿರುತ್ತದೆ, ಆ ಹಂತದಲ್ಲೇ ಸಿಕ್ಕರೆ ಲೇಸರ್, ಇಂಜೆಕ್ಷನ್ನಿನಿಂದ ದೃಷ್ಟಿ ಉಳಿಸಬಹುದು. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ 1896ರಿಂದಲೂ ಇದೆ, ಬಡವರಿಗೆ ಅದೊಂದು ದಾರಿ.

ಕಿಡ್ನಿಗೆ ವರ್ಷಕ್ಕೊಮ್ಮೆ ಎರಡು ಪರೀಕ್ಷೆ: ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ಅನ್ನುವ ಕಶ್ಮಲ. ಮೂತ್ರದ ಪರೀಕ್ಷೆಯನ್ನು ಬಹಳ ಜನ ಮಾಡಿಸುವುದೇ ಇಲ್ಲ, ಆದರೆ ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮೊದಲೇ ಕಿಡ್ನಿ ಸೋರುವುದು ಅದರಲ್ಲಿ ಕಾಣುತ್ತದೆ. ಬಿಪಿ 130/80ರ ಒಳಗಿರಲಿ, ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ. ಇನ್ನೊಂದು ವಿಷಯ ಕೈ ಮುಗಿದು ಕೇಳುತ್ತೇನೆ, ಮಂಡಿ ನೋವು, ಸೊಂಟ ನೋವು ಅಂತ ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗುವುದು ನಿಲ್ಲಿಸಿ. ಶುಗರ್ ಇರುವ ಕಿಡ್ನಿಗೆ ಅದು ನೇರ ಪೆಟ್ಟು.

ಹೃದಯಾಘಾತ ಕೂಡ ಎದೆನೋವಿಲ್ಲದೆ ಬರಬಹುದು. ಇದ್ದಕ್ಕಿದ್ದ ಹಾಗೆ ಉಬ್ಬಸ, ತಣ್ಣನೆ ಬೆವರು, ವಿಪರೀತ ಸುಸ್ತು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ, ಇಸಿಜಿ ಮಾಡಿಸಿ. ಬೀಡಿ, ಸಿಗರೇಟು ಬಿಡದಿದ್ದರೆ ಮೇಲೆ ಹೇಳಿದ ಎಲ್ಲದಕ್ಕೂ ಅರ್ಧ ಬೆಲೆ.

ಮೀಟರ್, ಇನ್ಸುಲಿನ್, ಖರ್ಚು

ಬೆರಳು ಚುಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆದು ಒರೆಸಿ. ಮಾವು, ದ್ರಾಕ್ಷಿ ಮುಟ್ಟಿದ ಕೈಯಲ್ಲಿ ಹಾಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರಿ ನಂಬರ್ ಮೇಲೆ ಹೋಗುತ್ತದೆ. ಬೆರಳ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಿ, ನೋವು ಕಮ್ಮಿ. ಹೆಚ್ಚಿನವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ಎರಡು ಗಂಟೆ ಮೇಲೆ 180ರ ಒಳಗೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7ರ ಒಳಗೆ ಇದ್ದರೆ ಒಳ್ಳೆಯದು. ತೀರಾ ವಯಸ್ಸಾದವರಿಗೆ ಡಾಕ್ಟರೇ ಸ್ವಲ್ಪ ಸಡಿಲ ಬಿಡುತ್ತಾರೆ, ಇಳಿದು ಬೀಳದಿರಲಿ ಅಂತ. ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ತಪ್ಪು ತೋರಿಸಬಹುದು, ಮನೆಯ ಮೀಟರಿಗೂ ಅದಕ್ಕೂ ತಾಳೆ ಆಗದಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ.

ಬಳಸದ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಫ್ರೀಜರಲ್ಲಿ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಿಸಾಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಗೆ ತಳದಲ್ಲಿ ನೀರು ಹಾಕಿ, ಇನ್ಸುಲಿನ್ನನ್ನು ನೀರು ತಾಗದ ಹಾಗೆ ಡಬ್ಬಿಯಲ್ಲಿಟ್ಟು ನೆರಳಲ್ಲಿ ಇಟ್ಟರೆ ತಂಪಾಗಿರುತ್ತದೆ. ತೆರೆದ ಬಾಟಲಿಯ ಮೇಲೆ ತಾರೀಕು ಬರೆದಿಡಿ, ಸಾಮಾನ್ಯವಾಗಿ 28 ದಿನ ಆಯಸ್ಸು. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಜಾಗ ಬದಲಾಯಿಸಿ.

ಜ್ವರ, ವಾಂತಿ ಬಂದು ಊಟ ಸೇರದಿದ್ದಾಗ ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ದೊಡ್ಡ ಅಪಾಯ, ಕಾಯಿಲೆ ಬಿದ್ದಾಗ ಶುಗರ್ ಏರುವುದೇ ಜಾಸ್ತಿ. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ತರದ ಮಾತ್ರೆಗಳನ್ನು ಮಾತ್ರ ವಾಂತಿ ಭೇದಿ ಇದ್ದಾಗ ಕೆಲವು ದಿನ ನಿಲ್ಲಿಸಬೇಕಾಗಬಹುದು. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಆರಾಮಾಗಿರುವಾಗಲೇ ಡಾಕ್ಟರಿಂದ ಬರೆಸಿಟ್ಟುಕೊಳ್ಳಿ.

ದುಡ್ಡಿನ ಕಾರಣಕ್ಕೆ ಮಾತ್ರೆ ಬಿಡುವವರು ಬಹಳ ಜನ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ, ತಾಲ್ಲೂಕು ಮತ್ತು ಜಿಲ್ಲಾಸ್ಪತ್ರೆಯಲ್ಲಿ ಇಂಥ ಅಂಟದ ಕಾಯಿಲೆಗಳಿಗೆ ಎನ್‌ಸಿಡಿ ಕ್ಲಿನಿಕ್ ಅಂತಲೇ ಇದೆ, ಮಾತ್ರೆಯೂ ಅಲ್ಲೇ ಸಿಗುತ್ತದೆ. ಅಲ್ಲಿ ದಾಸ್ತಾನು ಇಲ್ಲ ಅಂದರೆ ಜನೌಷಧಿ ಕೇಂದ್ರಕ್ಕೆ ಹೋಗಿ, ಚೀಟಿಯಲ್ಲಿರುವ ಕಂಪನಿ ಹೆಸರಿನ ಬದಲು ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಹೇಳಿ ಕೇಳಿ.